ಎಸ್ಸೆಸ್ಸೆಲ್ಸಿಗೆ ಮೊದಲೇ ಶುರು ಮಾಡಿ: ಮಕ್ಕಳಿಗೆ ಒಗ್ಗುವ ಕೆಲಸ ಹುಡುಕಲು ಉತ್ತರ ಕನ್ನಡದ ಪಾಲಕರಿಗೊಂದು ಮಾರ್ಗದರ್ಶಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮಗುವಿನ ಮುಂದಿನ ಓದು ಒಂದೇ ವಾರದಲ್ಲಿ ತೀರ್ಮಾನವಾಗಿಬಿಡುತ್ತದೆ. 90 ದಾಟಿದರೆ ಸೈನ್ಸ್, 70ರ ಆಸುಪಾಸಿದ್ದರೆ ಕಾಮರ್ಸ್, ಅದಕ್ಕೂ ಕಡಿಮೆಯಾದರೆ ಆರ್ಟ್ಸ್ ಅಥವಾ ಐಟಿಐ. ಘಟ್ಟದ ಮೇಲೆ ಶಿರಸಿಯಲ್ಲೂ ಇದೇ ಲೆಕ್ಕ, ಘಟ್ಟದ ಕೆಳಗೆ ಕಾರವಾರದಲ್ಲೂ ಇದೇ ಲೆಕ್ಕ. ಈ ಮಗುವಿಗೆ ಏನು ಮಾಡಲು ಚೆನ್ನಾಗಿ ಬರುತ್ತದೆ ಎಂದು ಕೇಳುವವರೇ ಕಡಿಮೆ.

ಹೈಸ್ಕೂಲಿನಲ್ಲಿ ಪಾಠ ಮಾಡುವ ನನಗೆ ಇದು ಪ್ರತಿ ವರ್ಷ ಸಂಕಟ ಕೊಡುವ ವಿಷಯ. ಕೋರ್ಸಿನ ಹೆಸರು ನೋಡಿ ಸೇರಿಸುತ್ತೇವೆ. ಆ ಕೋರ್ಸಿನ ಆಚೆ ಇರುವ ಕೆಲಸ ಹೇಗಿರುತ್ತದೆ ಎಂದು ಮಗುವೂ ನೋಡಿರುವುದಿಲ್ಲ, ನಾವೂ ನೋಡಿರುವುದಿಲ್ಲ. ಅದಕ್ಕೇ ಮಗುವನ್ನು ಮೊದಲು ಗಮನಿಸಿ, ಆಮೇಲೆ ಕೆಲಸವನ್ನು ಹತ್ತಿರದಿಂದ ನೋಡಿ, ಕೋರ್ಸನ್ನು ಕೊನೆಗೆ ಆರಿಸಿ ಎನ್ನುತ್ತೇನೆ.

ಹೆಜ್ಜೆ 1: ಒಂದು ವರ್ಷ ಸುಮ್ನೆ ಗಮನಿಸಿ

ಎಂಟನೇ ಅಥವಾ ಒಂಬತ್ತನೇ ತರಗತಿಯಲ್ಲಿ ಶುರು ಮಾಡಿದರೆ ಸಾಕಷ್ಟು ಸಮಯ ಸಿಗುತ್ತದೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ವಾರಕ್ಕೆ ಎರಡು ಸಾಲು ಬರೆದರೂ ಆಯಿತು. ಯಾರೂ ಹೇಳದೆ ಮಗು ಕೈ ಹಾಕುವ ಕೆಲಸ ಯಾವುದು? ಕಷ್ಟವಾದರೂ ಬಿಡದೆ ಹಿಡಿದು ಕೂರುವುದು ಯಾವುದನ್ನು? ಬೇರೆಯವರು ಈ ಮಗುವನ್ನೇ ಹುಡುಕಿಕೊಂಡು ಬರುವುದು ಯಾವುದಕ್ಕೆ?

ಕೊನೆಯ ಪ್ರಶ್ನೆಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಊರಲ್ಲಿ ಯಕ್ಷಗಾನದ ಆಟವಿರುವ ದಿನ ಮೈಕ್ ಸೆಟ್ ಕೈಕೊಟ್ಟರೆ ಎಲ್ಲರೂ ಒಬ್ಬ ಹುಡುಗನನ್ನೇ ಕರೆಯುತ್ತಾರೆ. ಸ್ವಸಹಾಯ ಸಂಘದ ಲೆಕ್ಕ ತಾಳೆಯಾಗದಿದ್ದರೆ ಆಯಿ ಪುಸ್ತಕವನ್ನು ಮಗಳ ಮುಂದೆ ಇಡುತ್ತಾಳೆ. ಅಜ್ಜಿಯ ಬಿಪಿ ಗುಳಿಗೆ ಯಾವ ಹೊತ್ತಿಗೆ ಎಂದು ಮನೆಯಲ್ಲಿ ಒಬ್ಬನಿಗೇ ನೆನಪಿರುತ್ತದೆ. ಜಗಳ ಬಿಡಿಸಲು ತರಗತಿಯವರು ಒಬ್ಬಳನ್ನೇ ಕರೆಯುತ್ತಾರೆ. ಇವೆಲ್ಲ ಕೌಶಲಗಳೇ. ಅಂಕಪಟ್ಟಿಯಲ್ಲಿ ಇವಕ್ಕೆ ಜಾಗವಿಲ್ಲ, ಹಾಗಾಗಿ ನೀವೇ ಬರೆದಿಡಬೇಕು.

ಇಷ್ಟ ಬೇರೆ, ಕೌಶಲ ಬೇರೆ. ಮೊಬೈಲಿನಲ್ಲಿ ಗೇಮ್ ಆಡುವುದು ಇಷ್ಟ ಅಂದ ಮಾತ್ರಕ್ಕೆ ಗೇಮ್ ತಯಾರಿಸುವ ಕೆಲಸ ಒಗ್ಗುತ್ತದೆ ಅಂತಿಲ್ಲ. ಆ ಕೆಲಸದಲ್ಲಿ ಗಂಟೆಗಟ್ಟಲೆ ಕೋಡ್ ಬರೆಯಬೇಕು, ಎಲ್ಲಿ ತಪ್ಪಾಯಿತು ಎಂದು ಹುಡುಕಬೇಕು. ಸ್ಕ್ರ್ಯಾಚ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಸಣ್ಣ ಗೇಮ್ ಮಾಡಲು ಹೇಳಿ. ಒಂದು ತಿಂಗಳಾದರೂ ಮಗು ಬಿಡದೆ ಕೂತರೆ ಅದನ್ನು ನೋಟ್‌ಬುಕ್ಕಿಗೆ ಸೇರಿಸಿ.

ಅಂಕಗಳನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ವಿಜ್ಞಾನದಲ್ಲಿ 95 ಬಂದದ್ದು ಬಾಯಿಪಾಠದಿಂದಲೋ, ಅರ್ಥವಾಗಿಯೋ ಎನ್ನುವುದು ಪಾಠ ಮಾಡುವವರಿಗೆ ಗೊತ್ತಿರುತ್ತದೆ. ಗಣಿತದಲ್ಲಿ 60 ಬಂದ ಹುಡುಗನಿಗೆ ರೇಖಾಗಣಿತ ಮಾತ್ರ ಬಹಳ ಚೆನ್ನಾಗಿ ಬರುತ್ತಿರಬಹುದು. ಪಾಲಕರ ಸಭೆಗೆ ಹೋದಾಗ ಎಷ್ಟು ಅಂಕ ಎಂದು ಕೇಳಿ ಬಂದುಬಿಡಬೇಡಿ. ಯಾವ ಪಾಠದಲ್ಲಿ ಪ್ರಶ್ನೆ ಕೇಳುತ್ತಾನೆ, ಯಾವುದರಲ್ಲಿ ಬೇರೆ ಮಕ್ಕಳಿಗೆ ಹೇಳಿಕೊಡುತ್ತಾಳೆ ಎಂದೂ ಕೇಳಿ.

ಹೆಜ್ಜೆ 2: ಮಾತಾಡಿಸಿ, ಆದರೆ ಎದುರು ಕೂರಿಸಿ ಬೇಡ

"ಮುಂದೆ ಏನಾಗ್ತೀಯಾ?" ಎಂದರೆ ಹದಿನಾಲ್ಕರ ಮಗು ಒಂದೋ ಸುಮ್ಮನಿರುತ್ತದೆ, ಇಲ್ಲವೇ ನಿಮಗೆ ಖುಷಿಯಾಗುವ ಉತ್ತರ ಕೊಡುತ್ತದೆ. ಅಡಿಕೆ ಸುಲಿಯುವಾಗ, ಬಲೆ ಸರಿ ಮಾಡುವಾಗ, ಬಸ್ಸಿಗೆ ಕಾಯುವಾಗ ಮಾತು ತಾನಾಗಿ ಬರುತ್ತದೆ. ಸಣ್ಣ ಪ್ರಶ್ನೆ ಕೇಳಿ. ಇವತ್ತು ಯಾವ ಪೀರಿಯಡ್ ಬೇಗ ಮುಗಿದಂಗಾಯ್ತು? ಒಂದು ವಾರ ಬೇರೆ ಯಾರದ್ದಾದರೂ ಕೆಲಸ ಮಾಡು ಅಂದರೆ ಯಾರದ್ದು ಮಾಡ್ತೀಯಾ? ದಿನವಿಡೀ ಜನರ ಜತೆ ಮಾತಾಡುವ ಕೆಲಸ ಆಗ್ತದಾ?

ಉತ್ತರ ಬಂದ ಮೇಲೆ ಇನ್ನೂ ಒಂದು ಪ್ರಶ್ನೆ ಒಳಗೆ ಹೋಗಿ. ಮೀನುಗಾರರ ಮನೆಯ ಮಾತು ಹೀಗೆ ಸಾಗಬಹುದು.

"ತಮಾ, ನಾನೂ ಬೋಟಿಗೆ ಬರ್ತೆ ಅಂತಿಯಲ್ಲ, ಅದ್ರಲ್ಲಿ ಏನು ಇಷ್ಟ?"

"ಇಂಜಿನ್."

"ಮೀನು ಹಿಡಿಯೋದು?"

"ಅದು ಅಷ್ಟೊಂದಿಲ್ಲ ಅಪ್ಪಾ."

ಇಷ್ಟು ಮಾತಿನಲ್ಲಿ ಎಷ್ಟು ತಿಳಿಯಿತು ನೋಡಿ. ಆ ಹುಡುಗನಿಗೆ ಬೇಕಾದ್ದು ಯಂತ್ರ. ಡೀಸೆಲ್ ಮೆಕ್ಯಾನಿಕ್ ಐಟಿಐ, ಮೆಕ್ಯಾನಿಕಲ್ ಡಿಪ್ಲೊಮಾ, ಹಡಗಿನ ಇಂಜಿನ್ ಕೋಣೆ ಎಲ್ಲವೂ ಅವನ ಮುಂದಿವೆ. ಕೇಳದೇ ಹೋಗಿದ್ದರೆ "ಓದಲು ಮನಸ್ಸಿಲ್ಲ, ಬೋಟಿಗೆ ಹೋಗ್ತಾನಂತೆ" ಎಂದು ಮಾತು ಮುಗಿದುಬಿಡುತ್ತಿತ್ತು.

ಹೆಜ್ಜೆ 3: ಪರೀಕ್ಷೆಗಳನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ

ಸಿಬಿಎಸ್‌ಇ ಮತ್ತು ಎನ್‌ಸಿಇಆರ್‌ಟಿ ಸೇರಿ 9 ಮತ್ತು 10ನೇ ತರಗತಿಯವರಿಗೆ 'ತಮನ್ನಾ' ಎಂಬ ಸಾಮರ್ಥ್ಯ ಪರೀಕ್ಷೆ ರೂಪಿಸಿವೆ. ಭಾಷೆ, ಸಂಖ್ಯೆ, ಯಂತ್ರಗಳ ತಿಳಿವು, ಆಕಾರ ಮತ್ತು ಜಾಗದ ಅಂದಾಜು ಹೀಗೆ 7 ಬಗೆಯ ಸಾಮರ್ಥ್ಯಗಳನ್ನು ಅದು ನೋಡುತ್ತದೆ. ಪಾಸು, ಫೇಲು ಇಲ್ಲ. ಇಂಥ ಪರೀಕ್ಷೆ ನಿಮ್ಮ ನೋಟ್‌ಬುಕ್ ಹೇಳಿದ್ದನ್ನು ತಾಳೆ ನೋಡಲು ಉಪಯೋಗಕ್ಕೆ ಬರುತ್ತದೆ. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್‌ನಲ್ಲಿ ಪರೀಕ್ಷೆ ಕೊಟ್ಟರೆ ಮಾತ್ರ ಅಳೆದದ್ದು ಇಂಗ್ಲಿಷನ್ನೇ ಆಗಿಬಿಡುತ್ತದೆ. ಪಕ್ಕದಲ್ಲಿ ಕೂತು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ.

ಬೆರಳಚ್ಚು ತೆಗೆದು ಮಗುವಿನ ಬುದ್ಧಿ, ಭವಿಷ್ಯದ ಉದ್ಯೋಗ ಹೇಳುತ್ತೇವೆ ಎನ್ನುವವರಿದ್ದಾರೆ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ. ದುಡ್ಡು ಕೊಡಬೇಡಿ.

ಹೆಜ್ಜೆ 4: ಒಂದು ಕೌಶಲದಿಂದ ಹಲವು ಕೆಲಸಗಳಿಗೆ

ಬಹಳ ಮನೆಗಳಲ್ಲಿ ತಿಳಿದಿರುವ ಉದ್ಯೋಗಗಳೇ ಹತ್ತು ಹನ್ನೆರಡು. ಡಾಕ್ಟರ್, ಇಂಜಿನಿಯರ್, ಮಾಸ್ತರ, ಬ್ಯಾಂಕು, ಪೊಲೀಸ್. ಹಾಗಾಗಿ ಕೌಶಲ ಗೊತ್ತಾದರೂ ಅದನ್ನು ಎಲ್ಲಿಗೆ ಒಯ್ಯಬೇಕು ಎಂದು ತೋಚುವುದಿಲ್ಲ. ಒಂದು ಕೌಶಲ ಬರೆದು, ಅದರ ಕೆಳಗೆ ಬೇರೆ ಬೇರೆ ಓದಿನ ಮಟ್ಟದ ಕನಿಷ್ಠ ಐದು ಕೆಲಸ ಬರೆಯಿರಿ. ಕೇಂದ್ರ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣ ಇದಕ್ಕೆ ನೆರವಾಗುತ್ತದೆ.

ಸಮುದ್ರವನ್ನೇ ತೆಗೆದುಕೊಳ್ಳೋಣ. ಬೈತಖೋಲ್, ತದಡಿ, ಹೊನ್ನಾವರದ ಮಕ್ಕಳಿಗೆ ನೀರು, ಗಾಳಿ, ಬೋಟು ಚಿಕ್ಕಂದಿನಿಂದ ಗೊತ್ತು. ಆ ತಿಳಿವಳಿಕೆಗೆ ಪ್ರಮಾಣಪತ್ರವೂ ಸಿಗುವ ದಾರಿಗಳಿವೆ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಕೊಚ್ಚಿಯಲ್ಲಿ ಕೇಂದ್ರ ಸರ್ಕಾರದ ಸಿಫ್ನೆಟ್ ಎಂಬ ಸಂಸ್ಥೆ ಇದೆ, ಚೆನ್ನೈ ಮತ್ತು ವಿಶಾಖಪಟ್ಟಣದಲ್ಲಿ ಅದರ ಘಟಕಗಳಿವೆ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಅಲ್ಲಿ 2 ವರ್ಷದ ವೆಸೆಲ್ ನ್ಯಾವಿಗೇಟರ್ ಮತ್ತು ಮರೀನ್ ಫಿಟ್ಟರ್ ಕೋರ್ಸುಗಳಿವೆ. ಗಣಿತ, ವಿಜ್ಞಾನದಲ್ಲಿ ತೀರಾ ದೊಡ್ಡ ಅಂಕವೇನೂ ಬೇಕಿಲ್ಲ. ಜೀವಿಗಳ ಬಗ್ಗೆ ಕುತೂಹಲ ಇರುವವರಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ 4 ವರ್ಷದ ಪದವಿ ಇದೆ. ಆ ಕಾಲೇಜು 1969ರಿಂದ ನಡೆಯುತ್ತಿದೆ, ಸೀಟು ಸಿಇಟಿ ಮೂಲಕ. ಸಂಶೋಧನೆಯತ್ತ ಒಲವಿದ್ದರೆ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲೇ ಇದೆ. ಕೈಯಲ್ಲಿ ಮಾಡುವ ಕೆಲಸ ಇಷ್ಟವಿರುವವರು ಐಟಿಐ ಮುಗಿಸಿ ಕಾರವಾರದ ನೌಕಾ ಹಡಗು ದುರಸ್ತಿ ಕೇಂದ್ರದ ಅಪ್ರೆಂಟಿಸ್ ಹುದ್ದೆಗೆ ಅರ್ಜಿ ಹಾಕಬಹುದು. ಐಸ್ ಪ್ಲಾಂಟು, ಕೋಲ್ಡ್ ಸ್ಟೋರೇಜುಗಳಿಗೆ ರೆಫ್ರಿಜರೇಷನ್ ಮೆಕ್ಯಾನಿಕ್ ಬೇಕೇ ಬೇಕು.

ಮರ್ಚೆಂಟ್ ನೇವಿಗೆ ಅಧಿಕಾರಿಯಾಗಿ ಹೋಗಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಐಎಂಯು-ಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಎಸ್ಸೆಸ್ಸೆಲ್ಸಿ ಮೇಲೆ ಹಡಗಿನ ಸಾಮಾನ್ಯ ಸಿಬ್ಬಂದಿಯಾಗಲು ಜಿಪಿ ರೇಟಿಂಗ್ ತರಬೇತಿಯೂ ಇದೆ. ಇಲ್ಲಿ ಬಹಳ ಎಚ್ಚರ ಬೇಕು. ಕೆಲಸ ಕೊಡಿಸುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವ ಏಜೆಂಟರಿರುತ್ತಾರೆ. ಕೇಂದ್ರ ಸರ್ಕಾರದ ಹಡಗು ವಿಭಾಗವಾದ ಡಿಜಿ ಶಿಪ್ಪಿಂಗ್‌ನ ಒಪ್ಪಿಗೆ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಣ್ಣಿನ ತಪಾಸಣೆಯನ್ನು, ಅದರಲ್ಲೂ ಬಣ್ಣ ಗುರುತಿಸುವ ಪರೀಕ್ಷೆಯನ್ನು, ಮೊದಲೇ ಮಾಡಿಸಿ. ಬಣ್ಣಗುರುಡು ಇದ್ದರೆ ಆ ದಾರಿ ಮುಚ್ಚಿದಂತೆ. ಅದು ಫೀಸು ಕಟ್ಟಿದ ಮೇಲೆ ತಿಳಿಯಬಾರದು.

ಘಟ್ಟದ ಮೇಲೆ ಹೀಗೇ ಮರ, ಗಿಡ, ಮಣ್ಣಿನಿಂದ ಶುರು ಮಾಡಬಹುದು. ಶಿರಸಿಯ ಅರಣ್ಯ ಮಹಾವಿದ್ಯಾಲಯ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಅಲ್ಲಿ 4 ವರ್ಷದ ಅರಣ್ಯಶಾಸ್ತ್ರ ಪದವಿ ಇದೆ. ಲೆಕ್ಕ ಚೆನ್ನಾಗಿ ಬರುವ ಮಗುವಿಗೆ ಸಿಎ ದಾರಿ ಇದೆ, ಪಿಯುಸಿ ಆದ ಮೇಲೆ ಫೌಂಡೇಷನ್ ಪರೀಕ್ಷೆ ಬರೆಯಬಹುದು. ಸಹಕಾರಿ ಸೊಸೈಟಿಗಳ ಕೆಲಸವನ್ನು ನಮ್ಮಲ್ಲಿ ಯಾರೂ ಉದ್ಯೋಗವೆಂದು ಮಕ್ಕಳಿಗೆ ಪರಿಚಯಿಸುವುದೇ ಇಲ್ಲ. ಶಿರಸಿಯ ಟಿಎಸ್ಎಸ್ 1923ರಿಂದ ಅಡಿಕೆ ಬೆಳೆಗಾರರ ಜತೆ ನಿಂತಿದೆ. ಇಂಥ ಸಂಸ್ಥೆಗಳಿಗೆ ಲೆಕ್ಕ ಬಲ್ಲವರೂ ಬೇಕು, ಚಾಲಿ, ರಾಶಿ ಎಂಬ ಅಡಿಕೆ ಬಗೆಗಳ ದರ್ಜೆ ಗುರುತಿಸುವ ಕಣ್ಣೂ ಬೇಕು. ಸಹಕಾರಿ ನಿರ್ವಹಣೆಯಲ್ಲಿ 6 ತಿಂಗಳ ಡಿಪ್ಲೊಮಾ ಇದೆ.

ಕಲೆಯ ಮಾತು ಬಂದಾಗ ಮನೆಯವರಿಗೆ ಹೆದರಿಕೆ ಜಾಸ್ತಿ. ಅದು ನನಗೂ ಅರ್ಥವಾಗುತ್ತದೆ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಇಡಗುಂಜಿ ಮೇಳದ ಯಕ್ಷಗಾನ ತರಬೇತಿ ಕೇಂದ್ರವಿದೆ, ಆ ಮೇಳ 1934ರಿಂದ ಇದೆ. ಕುಣಿತ, ಮದ್ದಳೆ, ಭಾಗವತಿಕೆ ನಿಜಕ್ಕೂ ಒಲಿದ ಮಗುವಿಗೆ ಅದನ್ನು ಕಲಿಯಲು ಬಿಡಿ, ಜತೆಗೆ ಪದವಿಯೂ ಸಾಗಲಿ. ರಂಗದ ಸುತ್ತ ಬೆಳಕು, ಧ್ವನಿ, ವೇಷಭೂಷಣ, ವಿಡಿಯೋ ಎಂದು ಹಲವು ಕೆಲಸಗಳಿವೆ.

ಹೆಜ್ಜೆ 5: ಕೆಲಸ ನಡೆಯುವ ಜಾಗಕ್ಕೆ ಕರೆದುಕೊಂಡು ಹೋಗಿ

ಈ ಇಡೀ ಬರಹದಲ್ಲಿ ಒಂದನ್ನೇ ಮಾಡಲು ಆಗುವುದಾದರೆ ಇದನ್ನು ಮಾಡಿ. ದಸರಾ ರಜೆಯಲ್ಲಿ ಒಂದು, ಬೇಸಿಗೆ ರಜೆಯಲ್ಲಿ ಎರಡು ಜಾಗ ಸಾಕು. ಊರಿನ ವೆಟರ್ನರಿ ಡಾಕ್ಟರ ಹಿಂದೆ ಒಂದು ದಿನ ಕೊಟ್ಟಿಗೆಗಳಿಗೆ ಹೋಗಲಿ. ಪರಿಚಯದ ವಕೀಲರಿದ್ದರೆ ಕೋರ್ಟಿನಲ್ಲಿ ಕೂರಲಿ. ವೈರಿಂಗ್ ಮಾಡುವವರ ಜತೆ, ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರ ಜತೆ, ಜೇನು ಸಾಕುವವರ ಜತೆ ಹೋಗಲಿ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಅಲ್ಲಿ ಡಾಕ್ಟರರ ಜತೆ ನರ್ಸ್, ರೇಡಿಯಾಲಜಿ ಮತ್ತು ಅನಸ್ತೇಶಿಯಾ ಟೆಕ್ನಿಶಿಯನ್, ಫಾರ್ಮಸಿಸ್ಟ್ ಎಲ್ಲರೂ ಕೆಲಸ ಮಾಡುತ್ತಾರೆ ಎನ್ನುವುದನ್ನು ಕಣ್ಣಾರೆ ನೋಡಲಿ. ಆಸ್ಪತ್ರೆಯ ಕೆಲಸ ಅಂದರೆ ಎಂಬಿಬಿಎಸ್ ಒಂದೇ ಅಂದುಕೊಂಡು ನೀಟ್‌ಗಾಗಿ ವರ್ಷಗಳನ್ನು ಕಳೆಯುವ ಮಕ್ಕಳನ್ನು ಕಂಡು ಬೇಸರವಾಗುತ್ತದೆ.

ಕೇಳಲು ಪ್ರಶ್ನೆಗಳನ್ನು ಬರೆದುಕೊಂಡು ಹೋಗಲಿ. ದಿನದಲ್ಲಿ ಜಾಸ್ತಿ ಹೊತ್ತು ಏನು ಮಾಡುತ್ತೀರಿ? ಬೇಸರದ ಕೆಲಸ ಯಾವುದು? ಏನು ಓದಿ ಇಲ್ಲಿಗೆ ಬಂದಿರಿ, ಎಷ್ಟು ಖರ್ಚಾಯಿತು? ಹೊಸಬರಿಗೆ ಸಂಬಳ ಎಷ್ಟು? ಮತ್ತೆ ಹದಿನೈದು ವರ್ಷದವರಾದರೆ ಇದನ್ನೇ ಆರಿಸುತ್ತೀರಾ? ಕೊನೆಯ ಪ್ರಶ್ನೆಗೆ ಜನ ಮನಸ್ಸು ಬಿಚ್ಚಿ ಉತ್ತರಿಸುತ್ತಾರೆ.

ಮೀನುಗಾರಿಕೆ ನಿಷೇಧವಿರುವ ಜೂನ್, ಜುಲೈ ತಿಂಗಳಲ್ಲಿ ಬೋಟು ನಡೆಸುವ ತಾಂಡೇಲರೂ ಇಂಜಿನ್ ಮೆಕ್ಯಾನಿಕ್‌ಗಳೂ ದಡದಲ್ಲೇ ಸಿಗುತ್ತಾರೆ. ಬೋಟು ರಿಪೇರಿ ನೋಡಲು ಅದೇ ಸರಿಯಾದ ಸಮಯ.

ಹೆಜ್ಜೆ 6: ಈಗ ಕೋರ್ಸು

ಇಲ್ಲಿಗೆ ಬರುವಷ್ಟರಲ್ಲಿ ನಿಮ್ಮ ಕೈಯಲ್ಲಿ ಎರಡು ಮೂರು ಕೆಲಸಗಳ ಹೆಸರಿರುತ್ತದೆ. ಪ್ರತಿಯೊಂದಕ್ಕೂ ಹೋಗುವ ದಾರಿ ಯಾವುದು, ಆ ದಾರಿ ಹಿಡಿದರೆ ಯಾವ ಬಾಗಿಲು ಮುಚ್ಚುತ್ತದೆ ಎಂದು ನೋಡಬೇಕು.

ಪಿಯುಸಿ ಸೈನ್ಸ್‌ನಲ್ಲಿ ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡರೆ ವೈದ್ಯಕೀಯ, ಕೃಷಿ, ಅರಣ್ಯ, ಮೀನುಗಾರಿಕೆ ಪದವಿಗಳು ಕೈತಪ್ಪುತ್ತವೆ. ಗಣಿತ ಬಿಟ್ಟರೆ ಇಂಜಿನಿಯರಿಂಗ್ ಇಲ್ಲ. ಎರಡೂ ಇರುವ ಪಿಸಿಎಂಬಿ ಭಾರ ಜಾಸ್ತಿ, ಆದರೆ ಮನಸ್ಸು ಇನ್ನೂ ಗಟ್ಟಿಯಾಗದ ಮಗುವಿಗೆ ಅದು ಎರಡು ವರ್ಷದ ಸಮಯ ಕೊಡುತ್ತದೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕದಷ್ಟೇ ಪಿಯುಸಿ ಅಂಕವೂ ಲೆಕ್ಕಕ್ಕೆ ಬರುತ್ತದೆ, ಅರ್ಧಕ್ಕರ್ಧ. ಹಾಗಾಗಿ ಕೋಚಿಂಗ್ ಒಂದನ್ನೇ ನಂಬಿ ಕಾಲೇಜಿನ ಪಾಠ ಬಿಡುವುದು ಸರಿಯಲ್ಲ.

ಕನ್ನಡ ಮಾಧ್ಯಮದಿಂದ ಸೈನ್ಸ್‌ಗೆ ಹೋಗುವ ಮಕ್ಕಳು ಮೊದಲ ಆರು ತಿಂಗಳು ಬಹಳ ನರಳುತ್ತಾರೆ. ವಿಷಯ ಬರುತ್ತದೆ, ಪದ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಸಿಗುವ ಎರಡು ತಿಂಗಳಲ್ಲಿ ಹತ್ತನೇ ತರಗತಿಯದ್ದೇ ವಿಜ್ಞಾನ, ಗಣಿತದ ಇಂಗ್ಲಿಷ್ ಮಾಧ್ಯಮದ ಪುಸ್ತಕ ತಂದು ಓದಿಸಿ. ಗೊತ್ತಿರುವ ಪಾಠವೇ ಆದ್ದರಿಂದ ಪದಗಳು ಸಲೀಸಾಗಿ ಹತ್ತುತ್ತವೆ. ಭಾಷೆಯ ಹೆದರಿಕೆಯೊಂದಕ್ಕೇ ವಿಜ್ಞಾನ ಬಿಡಬಾರದು.

ಡಿಪ್ಲೊಮಾ 3 ವರ್ಷ. ಕೈಕೆಲಸ ಮತ್ತು ಓದು ಎರಡೂ ಒಗ್ಗುವ ಮಗುವಿಗೆ ನಾನು ಮೊದಲು ಹೇಳುವುದು ಇದನ್ನೇ. ಮುಗಿಸಿದ ಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ದಾಂಡೇಲಿಯಲ್ಲಿ ಜಿಟಿಟಿಸಿ ಎಂಬ ಸರ್ಕಾರಿ ತರಬೇತಿ ಕೇಂದ್ರ ಇದೆ, ಟೂಲ್ ಅಂಡ್ ಡೈ ತಯಾರಿಕೆಯಂಥ ಸೂಕ್ಷ್ಮ ಕೆಲಸ ಇಷ್ಟವಿರುವವರು ವಿಚಾರಿಸಿ. ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ 2 ವರ್ಷ, ವೆಲ್ಡರ್ 1 ವರ್ಷ. 2 ವರ್ಷದ ಐಟಿಐ ಆದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಲು ಅವಕಾಶವಿದೆ. ಅಂದರೆ ಐಟಿಐ ಸೇರಿದ ಹುಡುಗಿಯೂ ಮನಸ್ಸು ಮಾಡಿದರೆ ಇಂಜಿನಿಯರ್ ಆಗಬಹುದು. ಕೈಗಾ ಅಣುವಿದ್ಯುತ್ ಕೇಂದ್ರವೂ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಕಡಿಮೆ ಅಂಕದವರ ಜಾಗ ಎಂದು ಐಟಿಐಯನ್ನು ಕೀಳಾಗಿ ಕಾಣುವುದನ್ನು ನಾವು ಬಿಡಬೇಕು.

ಕಾಮರ್ಸ್, ಆರ್ಟ್ಸ್ ಮೇಲೂ ದಾರಿಗಳು ಹಲವು: ಕಾನೂನು, ಪತ್ರಿಕೋದ್ಯಮ, ಬೋಧನೆ, ಸ್ಪರ್ಧಾತ್ಮಕ ಪರೀಕ್ಷೆಗಳು. ಓದುವ, ಬರೆಯುವ, ಜನರೊಂದಿಗೆ ಬೆರೆಯುವ ಶಕ್ತಿ ಇರುವ ಮಗು 90 ತೆಗೆದರೂ ಆರ್ಟ್ಸ್ ಸೇರಲಿ. ಅಗ್ನಿವೀರ್ ಬಗ್ಗೆ ಕರಾವಳಿಯಲ್ಲಿ ಬಹಳ ಮಕ್ಕಳು ಕೇಳುತ್ತಾರೆ. ಅದು 4 ವರ್ಷದ ಸೇವೆ, ಶೇಕಡಾ 25ರಷ್ಟು ಮಂದಿಯನ್ನು ಮಾತ್ರ ಮುಂದುವರಿಸುತ್ತಾರೆ. ಸೇರುವ ಮೊದಲೇ ಐದನೇ ವರ್ಷ ಏನು ಮಾಡುವುದು ಎಂದು ಯೋಚಿಸಿ.

ಹೆಜ್ಜೆ 7: ದುಡ್ಡು ಮತ್ತು ಕಾಗದಪತ್ರ

ಮಗುವಿನ ಎದುರೇ ಕೂತು ಖರ್ಚು ಬರೆಯಿರಿ: ಫೀಸು, ಹಾಸ್ಟೆಲ್, ಬಸ್ಸು, ಪುಸ್ತಕ. ಮನೆಯ ಶಕ್ತಿ ಇಷ್ಟೇ ಎಂದು ನೇರವಾಗಿ ಹೇಳಿದರೆ ಹದಿನೈದರ ಮಕ್ಕಳಿಗೆ ಅರ್ಥವಾಗುತ್ತದೆ. ಆಮೇಲೆ ಎಲ್ಲಿಂದ ನೆರವು ಸಿಗುತ್ತದೆ ನೋಡಿ. ಸರ್ಕಾರಿ, ಅನುದಾನಿತ ಶಾಲೆಯ 8ನೇ ತರಗತಿಯವರು ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಶುರುವಾಗಿತ್ತು, ಈಗಲೂ ಸಿಗುತ್ತದೆಯೇ ಎಂದು ವಿಚಾರಿಸಿ. ಬೇರೆ ವಿದ್ಯಾರ್ಥಿವೇತನಗಳಿಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಜಾಲತಾಣ ನೋಡಿ. ದೂರದ ಊರಾದರೆ ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳನ್ನು ವಿಚಾರಿಸಿ.

1ರಿಂದ 10ರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇಕಡಾ 15 ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಇದೆ. ಕೃಷಿ ಸಂಬಂಧದ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಮಗುವಿನ ಹೆಸರು, ಜಾತಿ, ಓದಿನ ಮಾಧ್ಯಮ ಶಾಲೆಯ ಸ್ಯಾಟ್ಸ್ ಎಂಬ ಆನ್‌ಲೈನ್ ದಾಖಲೆಯಲ್ಲಿ ಸರಿಯಾಗಿದೆಯೇ ಎಂದು ಒಂಬತ್ತನೇ ತರಗತಿಯಲ್ಲೇ ನೋಡಿಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮಾಡಿಸಿಟ್ಟು ಅವುಗಳ ಮೇಲಿರುವ ಆರ್‌ಡಿ ಸಂಖ್ಯೆ ಬರೆದಿಡಿ. ಒಂದು ಅಕ್ಷರ ತಪ್ಪಿದ್ದಕ್ಕೆ ಮೇ ತಿಂಗಳ ಬಿಸಿಲಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುವ ಪಾಲಕರನ್ನು ಪ್ರತಿ ವರ್ಷ ನೋಡುತ್ತೇನೆ.

ಹೆಜ್ಜೆ 8: ಮನೆಯಲ್ಲಿ ಒಮ್ಮತ ಬಾರದಿದ್ದರೆ

ಬಹಳ ಸಲ ಜಗಳ ಕೆಲಸದ ಬಗ್ಗೆ ಇರುವುದೇ ಇಲ್ಲ. ಮಾಣಿ ಬೆಂಗಳೂರಿಗೆ ಹೋದರೆ ತೋಟ ನೋಡುವವರಾರು ಎಂಬ ಚಿಂತೆ ಅಪ್ಪಯ್ಯನಿಗೆ. ಮಗಳು ಹಾಸ್ಟೆಲಿನಲ್ಲಿ ಹೇಗಿರುತ್ತಾಳೆ ಎಂಬ ಚಿಂತೆ ಆಯಿಗೆ. ಆ ಚಿಂತೆಯನ್ನೇ ಬಾಯಿಬಿಟ್ಟು ಹೇಳಿ. ಆಗ ಅದಕ್ಕೆ ಪರಿಹಾರ ಹುಡುಕಬಹುದು. ಹೆಣ್ಣುಮಕ್ಕಳಿಗೆ ಹತ್ತಿರದ ಕಾಲೇಜು, ಸುಲಭದ ಕೋರ್ಸು ಎಂದು ಮೊದಲೇ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಹಾಸ್ಟೆಲಿಗೆ ಒಮ್ಮೆ ಹೋಗಿ, ಅಲ್ಲಿರುವ ಹುಡುಗಿಯರನ್ನು ಮಾತಾಡಿಸಿ ಬನ್ನಿ.

ದೊಡ್ಡವರ ಮಾತಿಗೆ ತೂಕ ಇರಲಿ, ಆದರೆ ಕೊನೆಯ ಮಾತು ಓದಬೇಕಾದ ಮಗುವಿನದ್ದಾಗಲಿ. ಊಟ, ನಿದ್ದೆ ತಪ್ಪುತ್ತಿದ್ದರೆ, ಮಗು ಯಾರ ಜತೆಗೂ ಮಾತಾಡದಿದ್ದರೆ ಕೋರ್ಸಿನ ಮಾತು ಬದಿಗಿಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹೆಜ್ಜೆ 9: ಆರಿಸಿ, ಆರು ತಿಂಗಳ ಮೇಲೆ ಮತ್ತೆ ನೋಡಿ

ಮೊದಲ ಆಯ್ಕೆಯ ಜತೆ ಎರಡನೆಯದನ್ನೂ ಬರೆದಿಡಿ. ಅರಣ್ಯಶಾಸ್ತ್ರದ ಸೀಟು ಸಿಗದಿದ್ದರೆ ಬಿಎಸ್ಸಿ ಸಸ್ಯಶಾಸ್ತ್ರ. ಪಿಯುಸಿ ಸೈನ್ಸ್ ಸಿಗದಿದ್ದರೆ ಡಿಪ್ಲೊಮಾ. ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಮ್ಮೆ ಫೇಲಾದರೆ ವರ್ಷ ಹಾಳಾಯಿತು ಎಂಬ ಕಾಲ ಹೋಯಿತು.

ಸೇರಿದ ಮೊದಲ ವಾರಗಳಲ್ಲೇ ಕಾಂಬಿನೇಷನ್ ಒಗ್ಗುತ್ತಿಲ್ಲ ಎಂದು ಮಗು ಹೇಳಿದರೆ ತಕ್ಷಣ ಪ್ರಿನ್ಸಿಪಾಲರನ್ನು ಕಾಣಿ, ಆಗ ಬದಲಿಸುವುದು ಸುಲಭ. ಆರು ತಿಂಗಳಾದ ಮೇಲೆ ಹಳೆಯ ನೋಟ್‌ಬುಕ್ ತೆಗೆದು ಇಬ್ಬರೂ ಓದಿ. ಪಾಠ ಕಷ್ಟವಾಗಿದ್ದರೆ ಟ್ಯೂಷನ್, ಗೆಳೆಯರ ಸಹಾಯ, ಇನ್ನಷ್ಟು ಸಮಯ ಕೊಟ್ಟು ನೋಡಿ. ಪಾಠ ಬರುತ್ತದೆ ಆದರೆ ಮನಸ್ಸೇ ಇಲ್ಲ ಎಂದಾದರೆ ಡಿಪ್ಲೊಮಾ, ಐಟಿಐಗೆ ಮುಂದಿನ ಅರ್ಜಿ ಯಾವಾಗ ಎಂದು ವಿಚಾರಿಸಿ. ಪಿಯುಸಿ ಸೈನ್ಸ್ ಮುಗಿಸಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶ ಇರುವುದರಿಂದ, ಮೊದಲ ವರ್ಷದಲ್ಲೇ ಬಿಟ್ಟು ಬರುವುದಕ್ಕಿಂತ ಪಿಯುಸಿ ಪೂರೈಸಿ ಹೋಗುವುದು ಎಷ್ಟೋ ಮಕ್ಕಳಿಗೆ ಲಾಭ.